ಖಾಲಿ ಮನೆಯ ಪಾತ್ರೆಗಳು

ಪುಡಿ ವಿಷವನ್ನು ಹಿಡಿಯಲಿಲ್ಲ.

ಬೆಳಗ್ಗೆ ಒಂಬತ್ತೂಕಾಲಿಗೆ, ಸಂಸ್ಥೆಯ ದೊಡ್ಡ ಪ್ರಯೋಗಶಾಲೆಯಲ್ಲಿ, ಹನ್ನೆರಡು ಜನರ ಕಣ್ಣೆದುರಿಗೇ ಅದು ಕೈಕೊಟ್ಟಿತು. ಗಾಜಿನ ಕೊಳವೆಯ ತುಂಬ ಬಿಳಿ ಪುಡಿ. ಮೇಲಿನಿಂದ ವಿಷ ಬೆರೆಸಿದ ನೀರು ಸುರಿದರು. ಕೆಳಗೆ ಇಳಿದ ನೀರಿಗೆ ಪರೀಕ್ಷೆಯ ಕಾಗದ ಅದ್ದಿದರು. ಹಳದಿಯಾಗಿಯೇ ಉಳಿಯಬೇಕಿದ್ದ ಕಾಗದ ಕೆಂಪಗಾಯಿತು. ಇನ್ನೊಂದು ಅದ್ದಿದರು. ಅದೂ ಕೆಂಪು. ಬಂದಿದ್ದ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು.

ಬಾಗಿಲ ಬಳಿ ನಿಂತಿದ್ದ ಭದ್ರತೆಯ ಮುಖ್ಯಸ್ಥನಿಗೆ ರಸಾಯನಶಾಸ್ತ್ರದ ಗಂಧಗಾಳಿಯೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿ ಇಲ್ಲಿಗೆ ಬಂದವನು. ಎಲ್ಲರೂ ದಫೇದಾರ ಎಂದೇ ಕರೆಯುತ್ತಿದ್ದರು. ಕಾಗದದ ಬಣ್ಣ ಅವನಿಗೆ ಅರ್ಥವಾಗದಿದ್ದರೂ ಮುಖಗಳ ಬಣ್ಣ ಅರ್ಥವಾಗುತ್ತಿತ್ತು. ಅಲ್ಲಿದ್ದವರಲ್ಲಿ ಯಾರೋ ಒಬ್ಬರಿಗೆ ಇದು ಮೊದಲೇ ಗೊತ್ತಿತ್ತು ಎಂದು ಅವನಿಗೆ ಅನ್ನಿಸಿತು. ಯಾರಿಗೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಹತ್ತು ಗಂಟೆಗೆ ನಿರ್ದೇಶಕಿ ಅವನನ್ನು ಕರೆಸಿದರು.

"ಆ ಪುಡಿಯ ಅಣು ಒಂದು ಪಂಜರದ ಥರ. ವಿಷ ಒಳಗೆ ಹೋಗಿ ಸಿಕ್ಕಿಕೊಳ್ಳಬೇಕು. ಎರಡು ಪಂಜರಗಳಿದ್ದವು, ದುಂಡು ಒಂದು, ಚೌಕ ಒಂದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಹುಡುಗಿ ದುಂಡಿನ ಹಿಡಿತ ಹನ್ನೊಂದು, ಚೌಕದ್ದು ಇಪ್ಪತ್ತೊಂದು ಅಂದಳು. ಚೌಕವನ್ನೇ ಆರಿಸಿದೆವು. ಎಂಟು ತಿಂಗಳು ಹಾಳಾಯ್ತು."

"ಲೆಕ್ಕ ತಪ್ಪಾಗಿರಬಹುದಲ್ವಾ ಮೇಡಂ?"

"ಇಷ್ಟು ತಪ್ಪಾ? ಯಾರೋ ತಿದ್ದಿದ್ದಾರೆ ಅಂತ ಅವಳ ಗುಂಪಿನ ಮೇಷ್ಟ್ರು ಹೇಳ್ತಿದ್ದಾರೆ. ಬೇರೆ ಯಾರು ತಿದ್ದುತ್ತಾರೆ, ಅವಳೇ ಅಲ್ವಾ? ನಾಲ್ಕು ಗಂಟೆಗೆ ಸಮಿತಿ ಸೇರುತ್ತೆ. ಅಷ್ಟರಲ್ಲಿ ಬೇರೆ ಹೆಸರು ಸಿಗದಿದ್ದರೆ ಅವಳು ಇವತ್ತೇ ಹೊರಗೆ. ಒಮ್ಮೆ ಹಾಗೆ ಹೊರಗೆ ಹೋದವಳನ್ನು ಇನ್ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲ್ಲ."

ದಫೇದಾರ ಹೊರಗೆ ಬಂದು ಮೊದಲು ಮಾಡಿದ ಕೆಲಸ, ಅಕ್ಕನಿಗೆ ಫೋನ್. ಅವನ ಅಕ್ಕ ಮೂವತ್ತೊಂದು ವರ್ಷ ಇನ್ನೊಂದು ಸಂಸ್ಥೆಯಲ್ಲಿ ಇಂಥವೇ ಲೆಕ್ಕ ಹಾಕಿ ನಿವೃತ್ತಳಾದವಳು.

"ಅಕ್ಕಾ, ಒಂದು ಸ್ವಲ್ಪ ಬರ್ತೀಯಾ?"

"ಪೊಲೀಸಿನವನಿಗೆ ನನ್ನ ನೆನಪಾಗಿದೆ ಅಂದ್ರೆ ತಲೆ ಕೆಟ್ಟಿರಬೇಕು," ಎಂದಳು ಅಕ್ಕ. "ಕಾಗದ ಏನೇನಿದೆಯೋ ಎಲ್ಲ ತೆಗೆದಿಡು. ಕೊನೆ ಪುಟಾನೂ."

ಅವಳು ಬರುವಷ್ಟರಲ್ಲಿ ವಿಚಾರಣೆ ಶುರುವಾಗಿತ್ತು. ಮೊದಲು ಮೇಷ್ಟ್ರು. ಗುಂಪಿನ ಮುಖ್ಯಸ್ಥರು, ಮಾತಿನ ನಡುವೆ ಮೂರು ಸಲ ಗಡಿಯಾರ ನೋಡಿದರು.

"ನೀವು ಲೆಕ್ಕ ಪರಿಶೀಲಿಸಲಿಲ್ವಾ ಸರ್?"

"ನಾನು ಒಂಬತ್ತು ಜನರನ್ನ ನೋಡಿಕೊಳ್ಳೋನು. ಪ್ರತಿಯೊಬ್ಬರ ಫೈಲ್ ತೆರೆದು ಕೂರೋಕಾಗುತ್ತಾ?"

"ಬೇಗ ಮುಗಿಸು ಅಂತ ಅವಳಿಗೆ ಹೇಳಿದ್ರಂತೆ?"

"ಬೇಗ ಅಂದೆ. ಸುಳ್ಳು ಹೇಳು ಅಂದೆನಾ?" ಮೇಷ್ಟ್ರ ಕಿವಿ ಕೆಂಪಗಾಯಿತು. ದಫೇದಾರ ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಎರಡನೆಯವನು ಯಂತ್ರಪಾಲಕ. ಕಂಪ್ಯೂಟರುಗಳ ತಣ್ಣನೆ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಅರ್ಧ.

"ಲೆಕ್ಕದ ಫೈಲು ನೀನು ಬದಲಾಯಿಸಬಹುದಾ?"

"ಬಹುದು."

"ಬದಲಾಯಿಸಿದೆಯಾ?"

"ಯಾಕೆ ಬದಲಾಯಿಸಲಿ? ಹುಡುಗೀದೇ ಒಂದು ಲೆಕ್ಕ ಕಾಣೆಯಾಗಿದೆ. ಅದನ್ನ ಕೇಳಿ ಹೋಗಿ."

"ಕಾಣೆಯಾಗಿದೆಯಾ? ಏನದು?"

ಯಂತ್ರಪಾಲಕ ತೆರೆಯನ್ನು ಇವನ ಕಡೆ ತಿರುಗಿಸಿದ. "ನಲವತ್ತೊಂದು, ಚೌಕ ಪಂಜರ ಒಂದೇ. ನಲವತ್ತೆರಡು, ವಿಷ ಒಂದೇ. ನಲವತ್ತಮೂರು, ಎರಡೂ ಸೇರಿ. ಆಮೇಲೆ ನಲವತ್ತೈದು. ನಲವತ್ತನಾಲ್ಕು ಎಲ್ಲಿ? ಅಳಿಸಿದಾರೆ. ಓಡಿದ ಗುರುತು ಮಾತ್ರ ಇದೆ. ಎಂಟು ತಿಂಗಳ ಹಿಂದೆ, ಭಾನುವಾರ ಬೆಳಗ್ಗೆ ಶುರುವಾಗಿ ಮೂರು ಗಂಟೆ ನಾಲ್ಕು ನಿಮಿಷ ಓಡಿದೆ. ಅವಳ ಮೇಜಿನಿಂದ, ಅವಳ ಹೆಸರಲ್ಲೇ."

"ಮನೆಯಿಂದ ಕೂತು ಓಡಿಸೋಕಾಗಲ್ವಾ?"

"ಈ ಯಂತ್ರಕ್ಕೆ ಹೊರಗಿನ ದಾರಿ ಇಲ್ಲ. ಕಟ್ಟಡದೊಳಗೆ ಬರಲೇಬೇಕು."

ಎಂಟು ತಿಂಗಳ ಹಿಂದೆ ಒಂದು ಲೆಕ್ಕ ಹಾಕಿ ಅಳಿಸಿದವರಿಗೆ ಉತ್ತರ ಬೇಡವಾಗಿತ್ತು ಎಂದೇ ಅರ್ಥ. ಹುಡುಗಿಯ ಮೇಲೆ ದಫೇದಾರನಿಗೆ ಒಳಗೊಳಗೇ ಅಕ್ಕರೆ ಇತ್ತು. ದಿನಾ ಗೇಟಿನಲ್ಲಿ ನಿಂತು ಅವನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತಿದ್ದವಳು ಅವಳೊಬ್ಬಳೇ.

ಮೂರನೆಯವರು ಸೀಸೆ ಮಾಮ. ಪಂಜರವನ್ನು ಕೈಯಾರೆ ತಯಾರಿಸಿದವರು. ಐವತ್ತು ದಾಟಿದ ಮನುಷ್ಯ. ಬೆರಳುಗಳ ತುದಿಯೆಲ್ಲ ಆಸಿಡ್ ತಾಗಿ ಕಂದು ತಿರುಗಿತ್ತು. ಅವರ ಕೋಣೆಯಲ್ಲಿ ಸಾಲುಸಾಲು ಗಾಜಿನ ಬುರುಡೆಗಳು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ. ಅದರ ಮೇಲೆ ರಿಪೇರಿಯ ಚೀಟಿ ಅಂಟಿಸಿತ್ತು. ದಫೇದಾರ ಕುರ್ಚಿ ಸಿಗದೆ ಅದರ ಮೇಲೇ ಕೂತುಬಿಟ್ಟ.

"ಅಯ್ಯೋ, ಅದರ ಮೇಲೆ ಕೂರಬೇಡಿ! ಬಿಸಿ ಅಳೆಯೋ ಪೆಟ್ಟಿಗೆ ಅದು. ಮೊದಲೇ ಕೆಟ್ಟು ಕೂತಿದೆ, ವರ್ಷ ಆಯ್ತು." ಮಾಮ ಸ್ಟೂಲು ತಳ್ಳಿದರು. "ನನ್ನ ಪರಿಸ್ಥಿತಿ ನೋಡಿ ದಫೇದಾರ್ರೇ. ಲೆಕ್ಕ ಇಪ್ಪತ್ತೊಂದು ಅಂತು. ಇರೋದು ಎರಡೂವರೆ. ಎಂಟು ತಿಂಗಳು ಕೈ ಸುಟ್ಟುಕೊಂಡಿದ್ದು ನಾನು!"

"ಹುಡುಗಿ ಬೇಕಂತಲೇ ಮಾಡಿರಬಹುದಾ?"

ಮಾಮ ಒಂದು ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಒಳ್ಳೆ ಹುಡುಗಿ. ಆದ್ರೆ ವಯಸ್ಸು ನೋಡಿ. ಹೆಸರು ಮಾಡೋ ಅವಸರ ಇರುತ್ತಲ್ಲ?"

"ನಿಮಗೆ ಆ ಲೆಕ್ಕ ಬರುತ್ತಾ?"

"ಒಂದು ಕಾಲದಲ್ಲಿ ಬರ್ತಿತ್ತು. ಆ ಕೀಲಿಮಣೆ ಮುಟ್ಟಿ ಹತ್ತು ವರ್ಷ ಆಯ್ತು ಬಿಡಿ," ಎಂದು ಮಾಮ ಬುರುಡೆ ತೊಳೆಯಲು ಎದ್ದರು.

ಕೊನೆಗೆ ಹುಡುಗಿ. ಅತ್ತು ಅತ್ತು ಮೂಗು ಕೆಂಪಗಾಗಿತ್ತು. ಅಷ್ಟರಲ್ಲಿ ಅಕ್ಕ ಬಂದು ಎದುರಿಗೆ ಕೂತಿದ್ದಳು, ಕನ್ನಡಕ ಹಣೆಯ ಮೇಲೆ, ಕಾಗದದ ಕಟ್ಟು ತೊಡೆಯ ಮೇಲೆ.

"ಎರಡು ಕಡೆಗೂ ಒಂದೇ ಬೇಸಿಸ್ ಸೆಟ್ ಕೊಟ್ಟಿದ್ದೆಯಾ ಮಗಳೇ?" ಅಕ್ಕನ ಮೊದಲ ಪ್ರಶ್ನೆ.

"ಒಂದೇ ಮೇಡಂ. ಮಧ್ಯಮದ್ದು. ಒಂದು ಫೈಲಲ್ಲಿ ಬರೆದಿಟ್ಟಿದ್ದೆ. ಎಲ್ಲಾ ಲೆಕ್ಕಗಳೂ ಅದನ್ನೇ ಓದ್ತವೆ. ಒಮ್ಮೆ ಬರೆದ ಮೇಲೆ ಮತ್ತೆ ಅದನ್ನ ತೆರೆಯಲ್ಲ."

"ಆ ಫೈಲ್ ಬರೆಯೋದು ಯಾರು ಹೇಳಿಕೊಟ್ರು?"

"ಸೀಸೆ ಮಾಮ. ಸೇರಿದ ಮೊದಲ ವಾರ ಪಕ್ಕದಲ್ಲೇ ಕೂತು ಹೇಳಿಕೊಟ್ರು."

"ದೆವ್ವದ ಲೆಕ್ಕ ಹಾಕಿದೆಯಾ?"

ದಫೇದಾರ ಬೆಚ್ಚಿಬಿದ್ದ. ಹುಡುಗಿ ಮಾತ್ರ ತಲೆ ತಗ್ಗಿಸಿದಳು. "ಇಲ್ಲ. ಹಾಕಬೇಕಿತ್ತು. ಮೇಷ್ಟ್ರು ಅವಸರ ಮಾಡಿದ್ರು, ಬಿಟ್ಟುಬಿಟ್ಟೆ. ಅದು ನನ್ನ ತಪ್ಪೇ."

"ಹಾಕಿದ್ರೆ ಇಪ್ಪತ್ತೊಂದು ಎಷ್ಟಾಗ್ತಿತ್ತು, ಒಂದು ಅಂದಾಜು ಹೇಳು?"

"ಹದಿನೆಂಟು? ಹತ್ತೊಂಬತ್ತು? ಜಾಸ್ತಿ ಇಳೀತಿರಲಿಲ್ಲ."

"ಭಾನುವಾರ ಬಂದು ನಲವತ್ತನಾಲ್ಕನೇ ಲೆಕ್ಕ ಹಾಕಿದ್ದು ನೀನೇ ತಾನೇ?" ದಫೇದಾರ ತಡೆಯಲಾರದೆ ಕೇಳಿದ.

"ನಲವತ್ತನಾಲ್ಕಾ? ನಾನು ಮೂರೇ ಹಾಕಿದ್ದು! ಶುಕ್ರವಾರ ಸಂಜೆ ಯಂತ್ರಕ್ಕೆ ಕೊಟ್ಟು ಸೋಮವಾರ ಬೆಳಗ್ಗೆ ನೋಡೋದು. ಇಲ್ಲಿ ಎಲ್ಲರೂ ಮಾಡೋದು ಹಾಗೇನೇ."

"ಕಂಪ್ಯೂಟರ್ ಮುಚ್ಚಿ ಹೋಗಲ್ವಾ?"

"ಇಲ್ಲಿ ಯಾರೂ ಮುಚ್ಚಲ್ಲ ಸರ್. ಎಲ್ಲ ನಮ್ಮವರೇ ಅಲ್ವಾ?"

ಅವಳನ್ನು ಕಳಿಸಿದ ಮೇಲೆ ಅಕ್ಕ ಕಟ್ಟಿನ ಕೊನೆ ಪುಟ ತೆಗೆದು ತಮ್ಮನ ಮೂಗಿನ ಮುಂದೆ ಹಿಡಿದಳು. "ಇದನ್ನ ಓದು."

"ಉತ್ತರಗಳೆಲ್ಲ ಮೊದಲ ಪುಟದಲ್ಲಿವೆ. ಇದು ಬರೀ ಎಷ್ಟು ಹೊತ್ತು ಹಿಡೀತು ಅನ್ನೋ ಪಟ್ಟಿ."

"ಅದಕ್ಕೇ ಯಾರೂ ಓದಿಲ್ಲ. ಓದು ಅಂದೆ."

"ದುಂಡು ಪಂಜರ, ತೊಂಬತ್ತು ಪರಮಾಣು, ಆರು ಗಂಟೆ. ಚೌಕ ಪಂಜರ, ತೊಂಬತ್ತಾರು ಪರಮಾಣು, ಒಂಬತ್ತು ನಿಮಿಷ. ವಿಷ, ನಾಲ್ಕೇ ಪರಮಾಣು, ಐವತ್ತು ನಿಮಿಷ." ದಫೇದಾರ ತಲೆ ಎತ್ತಿದ. "ಅಲ್ಲಾ ಅಕ್ಕ, ತೊಂಬತ್ತಾರು ಜನರ ಅಡುಗೆ ಒಂಬತ್ತು ನಿಮಿಷಕ್ಕೆ ಮುಗಿದು, ನಾಲ್ಕು ಜನರದ್ದಕ್ಕೆ ಐವತ್ತು ನಿಮಿಷವಾ?"

"ಅಬ್ಬಾ! ಪೊಲೀಸಿನವನಿಗೂ ತಲೆ ಓಡ್ತು," ಎಂದಳು ಅಕ್ಕ. "ಈಗ ಕೇಳು. ಅಣು ಅಂದ್ರೆ ಒಂದು ಸಂಸಾರ. ಅದರ ಎಲೆಕ್ಟ್ರಾನುಗಳು ಹರಡಿಕೊಳ್ಳೋಕೆ ಲೆಕ್ಕದಲ್ಲಿ ನಾವೇ ಜಾಗ ಕೊಡಬೇಕು. ಅದೇ ಬೇಸಿಸ್ ಸೆಟ್. ನೀನು ಪಾತ್ರೆಗಳು ಅಂದುಕೋ. ಪಾತ್ರೆ ಹೆಚ್ಚಿದ್ದಷ್ಟೂ ಸಂಸಾರಕ್ಕೆ ನೆಮ್ಮದಿ, ಲೆಕ್ಕಕ್ಕೆ ಹೊತ್ತು ಜಾಸ್ತಿ. ಎರಡು ಮನೆಗಳನ್ನ ಹೋಲಿಸಬೇಕಾದ್ರೆ ಎರಡಕ್ಕೂ ಸರಿಸಮ ಕೊಡಬೇಕು. ಇಲ್ಲಿ ದುಂಡಿನ ಲೆಕ್ಕ ಮುಗಿದ ಮೇಲೆ ಯಾರೋ ಫೈಲ್ ತಿದ್ದಿ ನಾಲ್ಕು ಜನರ ಮನೆಗೆ ಐನೂರು ಪಾತ್ರೆ ಕೊಟ್ಟಿದ್ದಾರೆ. ತೊಂಬತ್ತಾರು ಜನರ ಮನೆಗೆ ಮುನ್ನೂರೂ ಇಲ್ಲ."

"ಕೊಟ್ರೆ ಏನಾಗುತ್ತೆ?"

"ಎರಡು ಮನೆ ಹತ್ತಿರ ಬಂದ ಕೂಡಲೇ ಬಡ ಮನೆಯವರು ಪಕ್ಕದ ಮನೆ ಪಾತ್ರೆ ಎರವಲು ತಂದು ಬಳಸ್ತಾರೆ. ದಿಢೀರ್ ಅಂತ ನೆಮ್ಮದಿ ಕಾಣುತ್ತೆ. ನಾವು ಅದನ್ನ ನೋಡಿ, ಆಹಾ, ಈ ಎರಡು ಮನೆಗಳ ನಡುವೆ ಎಂಥ ಪ್ರೀತಿ ಅಂತ ಬರೆದುಕೊಳ್ತೀವಿ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಬರೀ ಪಾತ್ರೆ."

"ಅದನ್ನ ಕಂಡುಹಿಡಿಯೋದು ಹೇಗೆ?"

"ಪಕ್ಕದ ಮನೆಯವರನ್ನ ಹೊರಗೆ ಕಳಿಸಿ, ಪಾತ್ರೆಗಳನ್ನ ಮಾತ್ರ ಅಲ್ಲೇ ಬಿಡು. ಖಾಲಿ ಮನೆ, ತುಂಬ ಪಾತ್ರೆ. ಆಗಲೂ ಬಡ ಮನೆಯವರು ಅಷ್ಟೇ ನೆಮ್ಮದಿಯಾಗಿದ್ರೆ ಕಳ್ಳತನ ಸಿಕ್ಕಿಬಿತ್ತು. ಪರಮಾಣು ಇಲ್ಲದ ಜಾಗಕ್ಕೆ ದೆವ್ವದ ಪರಮಾಣು ಅಂತೀವಿ. ದೆವ್ವದ ಲೆಕ್ಕ ಅಂದ್ರೆ ಇಷ್ಟೇ. ಏಳು, ಯಂತ್ರದ ಕೋಣೆ ತೋರಿಸು."

ಹನ್ನೊಂದೂವರೆಗೆ ಅಕ್ಕ ಆ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರಪಾಲಕ ಗೊಣಗುತ್ತಲೇ ದಾರಿ ಬಿಟ್ಟ. ದಫೇದಾರ ಸುಮ್ಮನೆ ಕೂರಲಾರದೆ ಗೇಟಿಗೆ ಹೋಗಿ ಎಂಟು ತಿಂಗಳ ಹಿಂದಿನ ಹಾಜರಿ ಪುಸ್ತಕ ತೆಗೆದ. ರಜೆಯ ದಿನ ಒಳಗೆ ಬಂದವರು ಸಹಿ ಹಾಕಲೇಬೇಕು. ಆ ಭಾನುವಾರದ ಪುಟ ನೋಡಿದ. ಹುಡುಗಿಯ ಸಹಿ ಇಲ್ಲ. ಮೇಷ್ಟ್ರದ್ದಿಲ್ಲ. ಯಂತ್ರಪಾಲಕನದ್ದೂ ಇಲ್ಲ. ಪುಟ ಪೂರ್ತಿ ಬಿಳಿ.

ಯಾರೂ ಬಾರದ ಕಟ್ಟಡದಲ್ಲಿ ಲೆಕ್ಕ ಓಡಿಸಿದ್ದು ಯಾರು?

"ದೆವ್ವವೇ ಬಂದು ಹಾಕಿರಬೇಕು," ಎಂದು ಅಕ್ಕನ ಮುಂದೆ ಪುಸ್ತಕ ಇಟ್ಟ.

ಅಕ್ಕ ನಗಲಿಲ್ಲ. "ಸಹಿ ಹಾಕದೆ ಒಳಗೆ ಬರೋ ಹಾಗೆ ಯಾರನ್ನಾದ್ರೂ ಬಿಟ್ಟಿದ್ದೀಯಾ?"

"ನಾನಾ? ನನ್ನ ಗೇಟಲ್ಲಾ?" ಎಂದು ಎದೆಯುಬ್ಬಿಸಿ ಶುರುಮಾಡಿದವನು ಅಲ್ಲೇ ನಿಂತ. ಬಾಯಿ ತೆರೆದೇ ಇತ್ತು.

"ಏನಾಯ್ತೋ?"

"ಒಲೆ ಮೇಲೆ ಬುರುಡೆ ಇಟ್ಟವರು ಸಹಿ ಹಾಕಬೇಕಿಲ್ಲ. ಕುದಿತಾ ಇರುತ್ತೆ, ದಿನಾ ನೋಡೋಕೆ ಬರ್ತಾರೆ, ಹೋಗ್ತಾರೆ. ಆ ನಿಯಮ ಮಾಡಿದ್ದು ನಾನೇ ಅಕ್ಕ."

ಎರಡೂ ಮೂವತ್ತನಾಲ್ಕಕ್ಕೆ ಯಂತ್ರ ನಿಂತಿತು. ಮೂರು ಗಂಟೆ ನಾಲ್ಕು ನಿಮಿಷ. ಯಂತ್ರಪಾಲಕ ಮೊದಲ ಬಾರಿಗೆ ತಾನಾಗಿಯೇ ಬಾಯಿ ಬಿಟ್ಟ: "ನಲವತ್ತನಾಲ್ಕೂ ಇಷ್ಟೇ ಹೊತ್ತು ತಗೊಂಡಿತ್ತು." ಅಕ್ಕ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು, ಮಡಿಸಿ, ತಮ್ಮನ ಜೇಬಿಗೆ ಹಾಕಿದಳು. "ನಾನು ಹೇಳೋ ತನಕ ತೆಗೀಬೇಡ. ಈಗ ಬೆಳಗಿನ ಮಾತುಗಳನ್ನೆಲ್ಲ ಹೇಳು. ಯಾರು ಏನಂದ್ರು, ಒಂದಕ್ಷರ ಬಿಡಬೇಡ."

ಪೊಲೀಸ್ ಕೆಲಸ ಅವನಿಗೆ ಕಲಿಸಿದ ಒಂದು ವಿದ್ಯೆ ಅದು. ಗಿಳಿಯ ಹಾಗೆ ಎಲ್ಲವನ್ನೂ ಒಪ್ಪಿಸಿದ. ಸೀಸೆ ಮಾಮನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಬೈಸಿಕೊಂಡದ್ದನ್ನೂ ಬಿಡಲಿಲ್ಲ. ಅಲ್ಲಿಗೆ ಬಂದಾಗ ಅಕ್ಕ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದಳು.

"ಅದನ್ನ ಇನ್ನೊಂದು ಸಲ ಹೇಳು," ಎಂದಳು.

ನಾಲ್ಕು ಗಂಟೆಗೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಹುಡುಗಿ ಮೂಲೆಯ ಕುರ್ಚಿಯಲ್ಲಿ ಕೂತು ಕರವಸ್ತ್ರ ಹಿಂಡುತ್ತಿದ್ದಳು. ಸೀಸೆ ಮಾಮ ಅವಳ ಪಕ್ಕದಲ್ಲೇ ಕೂತು, "ಧೈರ್ಯ ತಗೋ," ಎನ್ನುತ್ತಿದ್ದರು. ಅದನ್ನು ಕೇಳಿ ದಫೇದಾರನ ರಕ್ತ ಕುದಿಯಿತು.

ಅಕ್ಕ ಕೊನೆ ಪುಟದ ಕಥೆ ಹೇಳಿದಳು, ಐನೂರು ಪಾತ್ರೆಯ ಕಥೆ ಹೇಳಿದಳು. ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು.

"ಫೈಲ್ ತಿದ್ದಿದವರು ದಡ್ಡರಲ್ಲ," ಎಂದಳು ಅಕ್ಕ. "ವಿಷಕ್ಕೆ ಋಣ ವಿದ್ಯುತ್ತಿದೆ, ಅದಕ್ಕೆ ದೊಡ್ಡ ಸೆಟ್ ಬೇಕೇ ಬೇಕು. ಯಾರಾದ್ರೂ ಫೈಲ್ ತೆರೆದು ನೋಡಿದ್ರೂ ಸರಿಯಾಗೇ ಇದೆ ಅಂದುಕೊಳ್ತಾರೆ. ಪಂಜರದ ಕಡೆ ಕಡಿಮೆ ಮಾಡಿದ್ದು ಗಮನಕ್ಕೇ ಬರಲ್ಲ. ತಿದ್ದಿದ ಮೇಲೆ ಅವರಿಗೇ ಒಂದು ಅಳುಕು. ಸುಳ್ಳು ಎಷ್ಟು ದೊಡ್ಡದು ಅಂತ ನೋಡೋ ಆಸೆ. ಭಾನುವಾರ ಬಂದು ಹುಡುಗಿಯ ಮೇಜಿನಲ್ಲಿ ಕೂತು ದೆವ್ವದ ಲೆಕ್ಕ ಹಾಕಿದರು. ಉತ್ತರ ನೋಡಿದರು. ಅಳಿಸಿದರು. ಆ ಉತ್ತರ ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು, ಇವತ್ತು ಮಧ್ಯಾಹ್ನದವರೆಗೆ." ಅವಳು ತಿರುಗಿದಳು. "ಸೀಸೆ ಮಾಮ, ನಿಮ್ಮ ಪಂಜರದ ಹಿಡಿತ ಎಷ್ಟು?"

"ನನಗೇನು ಗೊತ್ತು? ಕಾಗದ ಕೆಂಪಗಾಯ್ತು, ಅಷ್ಟೇ."

"ಬೆಳಗ್ಗೆ ಹತ್ತೂವರೆಗೆ ನನ್ನ ತಮ್ಮನಿಗೆ ಒಂದು ಸಂಖ್ಯೆ ಹೇಳಿದ್ರಂತಲ್ಲ. ಎರಡೂವರೆ."

ಮೇಜು ತಟ್ಟುತ್ತಿದ್ದ ಮಾಮನ ಬೆರಳುಗಳು ನಿಂತವು. "ಅದು... ಅಳೆದಿದ್ದೆ."

"ಯಾವುದರಲ್ಲಿ?"

ಮಾಮ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು.

"ಪರೀಕ್ಷೆ ಕಾಗದ ವಿಷ ಸಿಕ್ಕಿಬಿತ್ತೋ ಇಲ್ವೋ ಅಷ್ಟೇ ಹೇಳುತ್ತೆ, ಸಂಖ್ಯೆ ಹೇಳಲ್ಲ. ಸಂಖ್ಯೆ ಬೇಕಿದ್ರೆ, ಪಂಜರ ವಿಷ ಹಿಡಿದಾಗ ಹುಟ್ಟೋ ಬಿಸಿ ಅಳೆಯೋ ಪೆಟ್ಟಿಗೆ ಬೇಕು. ಈ ಕಟ್ಟಡದಲ್ಲಿ ಇರೋದು ಒಂದೇ. ವರ್ಷದಿಂದ ಕೆಟ್ಟು ಕೂತಿದೆ ಅಂತ ನೀವೇ ಹೇಳಿದ್ರಿ. ಲೋ, ಚೀಟಿ ತೆಗಿ."

ದಫೇದಾರ ಜೇಬಿನಿಂದ ಚೀಟಿ ತೆಗೆದು ಬಿಡಿಸಿದ. "ಇಪ್ಪತ್ತೊಂದರಲ್ಲಿ ಹದಿನೆಂಟೂವರೆ ಎರವಲು. ಉಳಿದದ್ದು ಎರಡೂವರೆ," ಎಂದು ಓದಿದ. ಆಮೇಲೆ ಹಾಜರಿ ಪುಸ್ತಕ ತೆರೆದಿಟ್ಟ. "ಆ ಭಾನುವಾರ ಯಾರ ಸಹಿಯೂ ಇಲ್ಲ. ಸಹಿ ಇಲ್ಲದೆ ಒಳಗೆ ಬರುವವರು ಈ ಗುಂಪಿನಲ್ಲಿ ಒಬ್ಬರೇ. ಬುರುಡೆ ಕುದಿಯಲು ಇಟ್ಟವರು."

ಹುಡುಗಿ ನಿಧಾನವಾಗಿ ಪಕ್ಕಕ್ಕೆ ತಿರುಗಿದಳು. "ಮಾಮ?"

ಮಾಮ ಅವಳನ್ನು ನೋಡಲಿಲ್ಲ, ಮೇಜನ್ನೇ ನೋಡುತ್ತ ಮಾತಾಡಿದರು. "ಹನ್ನೆರಡು ವರ್ಷ. ಆ ಚೌಕ ಪಂಜರ ನನ್ನದು. ಯಾರಿಗೂ ಬೇಡವಾಗಿತ್ತು. ಆ ದುಂಡಿನದು ನಿನ್ನೆ ಮೊನ್ನೆ ಬಂದು ಹನ್ನೊಂದು ಅಂತು. ನನ್ನದೂ ಒಂದು ಸಲ ಆಯ್ಕೆ ಆಗಲಿ ಅಂತ ಅಷ್ಟೇ. ಕೆಲಸಕ್ಕೆ ಇಳಿದ ಮೇಲೆ ಹೇಗಾದರೂ ಸರಿ ಮಾಡಬಹುದು ಅಂದುಕೊಂಡೆ."

"ಸರಿಯಾದರೆ ನಿಮ್ಮ ಕೈಗುಣ," ಎಂದಳು ಅಕ್ಕ. "ಸೋತರೆ ಅವಳ ಲೆಕ್ಕ."

ಹುಡುಗಿ ಅಳುವುದನ್ನು ನಿಲ್ಲಿಸಿದ್ದಳು. ಚೀಲದಿಂದ ಒಂದು ಹಳೆಯ ನೋಟ್‌ಪುಸ್ತಕ ತೆಗೆದು, ಪುಟ ಹುಡುಕಿ, ಮಾಮನ ಮುಂದೆ ತಳ್ಳಿದಳು. ಪೆನ್ಸಿಲ್ಲಿನಲ್ಲಿ ಬರೆದ ಚೌಕ ಪಂಜರದ ಚಿತ್ರ. ಒಂದು ಬದಿಯ ಕೊಂಡಿಯ ಸುತ್ತ ಗುರುತು.

"ನಿಮ್ಮ ಪಂಜರದ ಬಾಯಿ ಕಿರಿದು ಮಾಮ. ಈ ಒಂದು ಕೊಂಡಿ ಉದ್ದ ಮಾಡಿದ್ರೆ ಸಾಕಿತ್ತು. ಸಣ್ಣ ತುಂಡಿನ ಮೇಲೆ ಒಂದು ಲೆಕ್ಕ ಹಾಕಿ ನೋಡಿದ್ದೆ, ಹದಿನಾಲ್ಕು ಬಂದಿತ್ತು. ಎರಡು ಕಡೆಗೂ ಒಂದೇ ಸೆಟ್ ಕೊಟ್ಟು. ದೆವ್ವದ್ದೂ ಕಳೆದು." ಅವಳು ಕರವಸ್ತ್ರ ಮಡಿಸಿಟ್ಟಳು. "ಆ ಸೋಮವಾರ ನಿಮಗೆ ಇದನ್ನ ತೋರಿಸೋಣ ಅಂತ ತಂದಿದ್ದೆ. ಬಂದು ನೋಡಿದ್ರೆ ಇಪ್ಪತ್ತೊಂದು ಬಂದಿತ್ತು. ಇನ್ಯಾಕೆ ಅಂತ ಚೀಲಕ್ಕೆ ಹಾಕಿಕೊಂಡೆ."

ಮಾಮ ಆ ಪುಟವನ್ನು ಎಷ್ಟೋ ಹೊತ್ತು ನೋಡಿದರು. ಕಂದು ಬೆರಳು ಆ ಕೊಂಡಿಯ ಮೇಲೆ ಒಮ್ಮೆ ಓಡಾಡಿತು. ಆಮೇಲೆ ಎದ್ದು, ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿ ಪುಸ್ತಕದ ಪಕ್ಕದಲ್ಲಿಟ್ಟರು. ದಫೇದಾರ ಅವರ ಜೊತೆ ಗೇಟಿನವರೆಗೆ ನಡೆದ. ಅಲ್ಲಿ ಹಾಜರಿ ಪುಸ್ತಕ ತೆರೆದು, ಪೆನ್ನು ಮುಂದೆ ಹಿಡಿದ.

"ಇವತ್ತಿನಿಂದ ಎಲ್ಲರೂ ಸಹಿ ಹಾಕಬೇಕು," ಎಂದ.

ಮಾಮ ಸಹಿ ಹಾಕಿ ಹೊರಗೆ ಹೋದರು.